ನಾಲ್ಕನೇ ಮೇಜಿನ ಕೈ

ಪ್ರೀತಿಯ ಅತ್ತಿಗೆಗೆ ನಿಮ್ಮ ಬಾಯಿಬಡುಕಿ ನಾದಿನಿಯ ನಮಸ್ಕಾರಗಳು.

ಈ ಕಾಗದವನ್ನು ಯಾವ ವಿಳಾಸಕ್ಕೆ ಹಾಕಬೇಕೋ ನನಗೆ ಗೊತ್ತಿಲ್ಲ. ನೀವು ಹೋಗಿ ಆರು ವರ್ಷವಾಯಿತು. ಇಷ್ಟು ದಿನ ಇಲ್ಲದ ಕಾಗದ ಈಗ ಯಾಕೆ ಬಂತಪ್ಪ ಎಂದು ನೀವು ಹುಬ್ಬೇರಿಸುವುದು ಇಲ್ಲಿಂದಲೇ ಕಾಣುತ್ತಿದೆ. ನನಗೆ ರೇಡಿಯೋ ಎಂದು ಹೆಸರಿಟ್ಟವರು ನೀವೇ. "ಬೆಳಿಗ್ಗೆ ಒಂದ್ಸಲ ಕಿವಿ ತಿರುಚಿದ್ರೆ ಮಲಗೋವರೆಗೂ ನಿಲ್ಲೋದಿಲ್ಲ ಇದು" ಎಂದು ಅಮ್ಮನ ಹತ್ತಿರ ಹೇಳಿ ನಗುತ್ತಿದ್ದಿರಿ. ಅಂಥ ನಾನು ಒಂದೇ ಒಂದು ವಿಷಯಕ್ಕೆ ಒಂಬತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಹೋದ ಸೋಮವಾರ ಆ ಬೀಗ ಕಳಚಿತು. ಮೊದಲು ನಿಮಗೆ ಹೇಳಬೇಕಿತ್ತು. ಊರಿಗೆಲ್ಲ ಹೇಳಿಯಾದ ಮೇಲೆ ನಿಮಗೆ ಹೇಳುತ್ತಿದ್ದೇನೆ, ಅದಕ್ಕೂ ಸೇರಿಸಿ ಬೈದುಬಿಡಿ.

ಹೋದ ಸೋಮವಾರದವರೆಗೆ ಮೂರು ತಿಂಗಳು ನೀವು ದಿನಾ ನನ್ನ ಕತ್ತಲೆ ಕೋಣೆಗೆ ಬರುತ್ತಿದ್ದಿರಿ. ಗಾಬರಿಯಾಗಬೇಡಿ, ನನಗೆ ತಲೆ ಕೆಟ್ಟಿಲ್ಲ. ಒಂಬತ್ತು ವರ್ಷದ ಹಿಂದೆ ಆ ದೊಡ್ಡ ಬಯಲಿನ ಸೋಲಾರ್ ಸ್ಥಾವರಕ್ಕೆಂದು ನಾವು ಮಾಡಿ ಕಳಿಸಿದ ಸೋಲಾರ್ ಪ್ಯಾನೆಲ್‌ಗಳು ಈಗ ಲಾರಿಗಟ್ಟಲೆ ಕಾರ್ಖಾನೆಗೆ ವಾಪಸು ಬರುತ್ತಿವೆ. ಇಪ್ಪತ್ತೈದು ವರ್ಷ ಬಾಳುತ್ತವೆ ಎಂದು ಬರೆದುಕೊಟ್ಟಿದ್ದೆವು, ಒಂಬತ್ತಕ್ಕೇ ಅರ್ಧಕ್ಕರ್ಧ ಸುಸ್ತು ಹೊಡೆದಿವೆ. ಯಾವುದನ್ನು ಇನ್ನೂ ಬಳಸಬಹುದು, ಯಾವುದನ್ನು ಪುಡಿ ಮಾಡಬೇಕು ಎಂದು ನೋಡಿ ಬೇರೆ ಮಾಡುವುದು ನನ್ನ ಕೆಲಸ. ಒಂದೊಂದನ್ನೇ ತಂದು ಮೇಜಿನ ಮೇಲೆ ಮಲಗಿಸಿ ಹೋಗುತ್ತಾರೆ. ನಾನು ಬಾಗಿಲು ಹಾಕಿ, ದೀಪ ಆರಿಸಿ, ಅದಕ್ಕೆ ಕರೆಂಟ್ ಕೊಡುತ್ತೇನೆ. ಬಿಸಿಲಲ್ಲಿಟ್ಟರೆ ಕರೆಂಟ್ ಕೊಡುವ ಪ್ಯಾನೆಲ್ಲು ಕತ್ತಲೆಯಲ್ಲಿ ಕರೆಂಟ್ ಕೊಟ್ಟರೆ ತಾನೇ ಬೆಳಗುತ್ತದೆ. ಬರಿಗಣ್ಣಿಗೆ ಕಾಣದ ಬೆಳಕು ಅದು, ಕ್ಯಾಮೆರಾಕ್ಕೆ ಮಾತ್ರ ಕಾಣುತ್ತದೆ. ಪರದೆಯ ಮೇಲೆ ಬೂದು ಬಣ್ಣದ ಚೌಕಗಳು ಒಂದೊಂದಾಗಿ ಮೂಡುತ್ತವೆ, ಒಂದು ಚೌಕ ಒಂದು ಸೆಲ್ಲು. ಸೆಲ್ಲಿನಲ್ಲಿ ಬಿರುಕಿದ್ದರೆ ಕಪ್ಪು ಗೆರೆ, ಸತ್ತ ಭಾಗವಿದ್ದರೆ ಕಪ್ಪು ಕಲೆ. ಬೆಸುಗೆ ಹಾಕಿದವರ ಕೈಯೂ ಅಲ್ಲಿ ಕಾಣುತ್ತದೆ. ಎಲ್ಲರೂ ಸೆಲ್ಲುಗಳನ್ನು ಜೋಡಿಸುವ ತಾಮ್ರದ ಪಟ್ಟಿಯ ಕೊನೆಯಲ್ಲಿ ಬೆಸುಗೆಯ ಕಾದ ಕಡ್ಡಿಯನ್ನು ಬಲಕ್ಕೆ ಎಳೆದು ಎತ್ತುತ್ತಿದ್ದರು, ಬೆಸುಗೆಯ ಬಾಲ ಆ ಕಡೆಗೆ ಉಳಿಯುತ್ತಿತ್ತು. ನೀವು ಎಡಗೈಯವರು, ನಿಮ್ಮದು ಎಡಕ್ಕೆ.

ಮೊದಲ ಲಾರಿಯ ಹನ್ನೊಂದನೇ ಪ್ಯಾನೆಲ್ಲಿನಲ್ಲಿ ಎಡಕ್ಕೆ ತಿರುಗಿದ ಆ ಸಣ್ಣ ಬಾಲ ಕಂಡಾಗ ಪರದೆಗೆ ಮೂಗು ತಾಗುವಷ್ಟು ಬಗ್ಗಿದೆ. ಅರವತ್ತು ಚೌಕ, ಅರವತ್ತರಲ್ಲೂ ನೀವು. ಒಬ್ಬಳೇ ಇದ್ದ ಕೋಣೆಯಲ್ಲಿ "ಬಂದಿರಾ" ಎಂದುಬಿಟ್ಟೆ. ಆಮೇಲೆ ಅದೇ ರೂಢಿಯಾಯಿತು. ದಿನಕ್ಕೆ ನಾಲ್ಕು ಸಲ, ಐದು ಸಲ ಬರುತ್ತಿದ್ದಿರಿ. ಕರೆಂಟ್ ತೆಗೆದರೆ ಹೋಗುತ್ತಿದ್ದಿರಿ. ಕೆಲವು ಸಲ ತೆಗೆಯಲು ಮನಸ್ಸಾಗದೆ ಹಾಗೇ ಕೂತಿರುತ್ತಿದ್ದೆ, ಹೊರಗಿನವರು ಬಾಗಿಲು ಬಡಿಯುತ್ತಿದ್ದರು.

ನಿಮ್ಮ ಪ್ಯಾನೆಲ್‌ಗಳಲ್ಲಿ ಬಿರುಕುಗಳಿವೆ, ಸುಳ್ಳು ಹೇಳುವುದಿಲ್ಲ. ಆದರೆ ಒಂದೇ ಒಂದು ಬೆಸುಗೆ ಬಿಟ್ಟಿಲ್ಲ. ಸೆಲ್ಲು ಒಡೆದು ಮೂರು ಚೂರಾದ ಕಡೆಯೂ ನಿಮ್ಮ ಪಟ್ಟಿ ಮೂರನ್ನೂ ಹಿಡಿದುಕೊಂಡು ಕೂತಿದೆ, ಮೂರರಿಂದಲೂ ಕರೆಂಟ್ ಹರಿಯುತ್ತಿದೆ. ಬೇರೆ ಮೇಜುಗಳ ಪ್ಯಾನೆಲ್‌ಗಳು ಪುಡಿಯಾಗಲು ಹೋಗುತ್ತಿವೆ. ನಿಮ್ಮವು ಇನ್ನೂ ಬಾಳುವ ಸಾಲಿಗೆ ಹೋಗುತ್ತಿವೆ. ಆ ಬಿರುಕುಗಳು ನಿಮ್ಮ ಕೈಯಿಂದಾದವು ಎಂದು ಬರೆದು ನಿಮ್ಮನ್ನು ಮೇಜಿನಿಂದ ಎಬ್ಬಿಸಿದ್ದು ನಾನು, ಅತ್ತಿಗೆ. ಕತ್ತಲೆ ಕೋಣೆಯಲ್ಲಿ ಆಗ ಇಬ್ಬರಿದ್ದೆವು, ನಾನು ಮತ್ತು ಆ ದಪ್ಪ ಕನ್ನಡಕದವರು. ಫಾರಂನಲ್ಲಿ ಬರೆದವರ ಹೆಸರು ಇರುತ್ತಿರಲಿಲ್ಲ. ಅವರೇ ಬರೆದರೆಂದು ನೀವು ಅಂದುಕೊಂಡಿರುತ್ತೀರಿ ಎಂದು ನನಗೆ ನಾನೇ ಹೇಳಿಕೊಂಡು ಇಷ್ಟು ವರ್ಷ ನಿದ್ದೆ ಮಾಡಿದೆ.

ನನ್ನನ್ನು ಆ ಕಾರ್ಖಾನೆಗೆ ಸೇರಿಸಿದವರೇ ನೀವು. ಮದುವೆಯಾಗಿ ಬಂದ ಎರಡನೇ ವರ್ಷ, ಅಣ್ಣನ ಮೋಟರ್ ರಿಪೇರಿ ಅಂಗಡಿ ಇನ್ನೂ ಕಾಲೂರಿರಲಿಲ್ಲ, ನಾನು ಓದು ಬಿಟ್ಟು ಮನೆಯಲ್ಲಿ ಅಮ್ಮನ ಜೊತೆ ಜಗಳಾಡಿಕೊಂಡು ಕೂತಿದ್ದೆ. "ಬಾರೇ, ಬಾಯಿಗೆ ಬಿಡುವು ಕೊಟ್ಟು ಕೈಗೆ ಕೆಲಸ ಕೊಡು" ಎಂದು ಎಳೆದುಕೊಂಡು ಹೋದಿರಿ. ಉದ್ದನೆಯ ಹಜಾರ, ಆರು ಮೇಜು, ಪ್ರತಿ ಮೇಜಿನ ಮೇಲೂ ಬಿಳಿ ದೀಪ, ಕೆಳಗೊಂದು ಕೆಂಪು ಡಬ್ಬ. ಒಡೆದ ಸೆಲ್ಲು ಆ ಡಬ್ಬಕ್ಕೆ. ಸಂಜೆ ಮೇಸ್ತ್ರಿ ಬಂದು ಡಬ್ಬಗಳನ್ನು ತೂಗುತ್ತಿದ್ದ, ಯಾರ ಡಬ್ಬ ಭಾರವೋ ಅವರಿಗೆ ಮಂಗಳಾರತಿ. ಮೊದಲ ದಿನ ನಾನು ಹದಿನೇಳು ಸೆಲ್ಲು ಒಡೆದೆ. ಅಂಗೈಯಗಲದ ಹಾಳೆ ಅದು, ಉಸಿರು ಜೋರಾಗಿ ಬಿಟ್ಟರೆ ಮುರಿಯುತ್ತದೇನೋ ಅನ್ನಿಸುವಷ್ಟು ತೆಳು. ಅದರ ಮೇಲೆ ತಾಮ್ರದ ಪಟ್ಟಿ ಇಟ್ಟು ಕಾದ ಕಡ್ಡಿಯನ್ನು ಒಂದೇ ವೇಗದಲ್ಲಿ ಎಳೆಯಬೇಕು. ತಡೆದರೆ ಸುಡುತ್ತದೆ, ಒತ್ತಿದರೆ ಒಡೆಯುತ್ತದೆ. ತೂಕಕ್ಕೆ ಮುಂಚೆ ನೀವು ಬಗ್ಗಿ ನನ್ನ ಡಬ್ಬದ ಚೂರುಗಳಲ್ಲಿ ಅರ್ಧದಷ್ಟು ನಿಮ್ಮ ಡಬ್ಬಕ್ಕೆ ಸುರಿದುಕೊಂಡಿರಿ. ಮೇಸ್ತ್ರಿ ನಿಮ್ಮ ಮುಖ ನೋಡಿ "ಏನಮ್ಮ, ಇವತ್ತು ನಿನಗೇನಾಯ್ತು" ಅಂದ. "ನಾದಿನಿ ಪಕ್ಕದಲ್ಲಿ ಕೂತು ವಟಗುಟ್ತಿದ್ರೆ ಇನ್ನೇನಾಗುತ್ತೆ" ಅಂದಿರಿ. ಅವನೂ ನಕ್ಕ.

ನನ್ನ ಕೈಗೆ ಆ ಕೆಲಸ ಹತ್ತಲೇ ಇಲ್ಲ. ಕಣ್ಣು ಮಾತ್ರ ಚುರುಕಾಗಿತ್ತು. ಹಾಗಾಗಿ ಕತ್ತಲೆ ಕೋಣೆಗೆ ಹಾಕಿದರು, ನೀವು ಮಾಡಿದ್ದನ್ನು ನೋಡಿ ಸರಿ ತಪ್ಪು ಹೇಳುವ ಕುರ್ಚಿಗೆ. ಕೈ ಬಾರದವಳು ಕೈಯಿದ್ದವರ ತಪ್ಪು ಹುಡುಕುವ ಕೆಲಸ. ಆಗ ಅದು ತಮಾಷೆಯಾಗಿ ಕಂಡಿತ್ತು. ಊಟದ ಬಿಡುವಿನಲ್ಲಿ ನೀವು "ನಮ್ಮ ಜಡ್ಜಮ್ಮ ಬಂದ್ರು, ಜಾಗ ಬಿಡಿ" ಅನ್ನುತ್ತಿದ್ದಿರಿ.

ಆಮೇಲೆ ಬೆಲೆ ಬೀಳತೊಡಗಿತು. ಕಡಲಾಚೆಯ ಪ್ಯಾನೆಲ್ಲು ನಮ್ಮದಕ್ಕಿಂತ ಅಗ್ಗ, ಪ್ರತಿ ತಿಂಗಳೂ ಇನ್ನಷ್ಟು ಅಗ್ಗ. ಒಂದು ಪಾಳಿ ನಿಂತಿತು, ಆಮೇಲೆ ಹಿಂದಿನ ಹಜಾರಕ್ಕೆ ಬೀಗ ಬಿತ್ತು. ಸೂರ್ಯನನ್ನು ಹಿಡಿಯುವ ಕಾರ್ಖಾನೆ ಜನರೇಟರಿನ ಹೊಗೆ ಕುಡಿದು ಓಡುತ್ತಿತ್ತು, ಅದಕ್ಕೂ ಎಣ್ಣೆ ಸಾಲದೆ ಮಧ್ಯಾಹ್ನ ಫ್ಯಾನು ನಿಲ್ಲಿಸುತ್ತಿದ್ದರು. ಯಜಮಾನರು ಒಂದು ದಿನ ಎಲ್ಲರನ್ನೂ ಸೇರಿಸಿ, ದೊಡ್ಡ ಆರ್ಡರ್ ಸಿಕ್ಕಿದೆ, ಇದೊಂದು ದಡ ಮುಟ್ಟಿದರೆ ನಾವು ಉಳಿಯುತ್ತೇವೆ ಅಂದರು. ಆ ಬೆಲೆಗೆ ಮಾಡಬೇಕಾದರೆ ಅಗ್ಗದ ಸೆಲ್ಲು ಬೇಕು. ಇನ್ನೂ ತೆಳುವಾದ ಸೆಲ್ಲುಗಳ ಪೆಟ್ಟಿಗೆಗಳು ಹಡಗಿನಲ್ಲಿ ಬಂದವು. ಗಾಜು ಹಡಗಿನಲ್ಲಿ, ಪಟ್ಟಿ ಹಡಗಿನಲ್ಲಿ, ಕೊನೆಗೆ ಅಂಟಿಸುವ ಹಾಳೆಯೂ ಹಡಗಿನಲ್ಲಿ. ನಮ್ಮದು ಅಂತ ಆ ಪ್ಯಾನೆಲ್ಲಿನಲ್ಲಿ ಇದ್ದದ್ದು ಕೈ ಒಂದೇ. ತಪ್ಪು ಹೊರಿಸುವ ಹೊತ್ತು ಬಂದಾಗ ಆ ಕೈಯ ಮೇಲೇ ಹೊರಿಸಿದೆವು.

ಕೊಳ್ಳುವವರು ಮೊದಲ ಕಂತನ್ನು ತಪಾಸಣೆ ಮಾಡಿ, ಇಷ್ಟೊಂದು ಬಿರುಕು ಎಲ್ಲಿಂದ ಬಂತು ಎಂದು ಕೇಳಿದರು. ಮ್ಯಾನೇಜರ್ ಕತ್ತಲೆ ಕೋಣೆಗೇ ಬಂದ. ಅವನು ನನಗೆ ಸುಳ್ಳು ಬರೆ ಅನ್ನಲಿಲ್ಲ, ಅದನ್ನು ಹೇಳಿಬಿಡಬೇಕು. "ಸೆಲ್ಲು ಕೆಟ್ಟದ್ದು ಅಂತಾದ್ರೆ ಇಡೀ ಆರ್ಡರ್ ವಾಪಸ್, ನಾವೆಲ್ಲ ಮನೆಗೆ. ಕೈ ಕೆಟ್ಟದ್ದು ಅಂತಾದ್ರೆ ಒಂದು ಮೇಜು ಬದಲಾಯಿಸಿದ್ರೆ ಮುಗೀತು. ನೀವೇ ನೋಡಿ ಬರೀರಿ" ಅಂದ. ನಾನು ನೋಡಿದೆ. ಬಿರುಕು ಬಿಟ್ಟ ಹತ್ತು ಪ್ಯಾನೆಲ್ಲಿನಲ್ಲಿ ಏಳು ನಿಮ್ಮ ನಾಲ್ಕನೇ ಮೇಜಿನವು. ಎಡಕ್ಕೆ ತಿರುಗಿದ ಬಾಲ. ಎರಡು ದಿನ ಮತ್ತೆ ಮತ್ತೆ ನೋಡಿದೆ, ಏಳು ಏಳೇ. ಕಾರಣ ಎಂದಿದ್ದ ಜಾಗದಲ್ಲಿ ಬರೆದೆ: ಕೈ ತಪ್ಪು, ಒತ್ತಿ ಬೆಸೆದದ್ದು, ಮೇಜು 4.

ಆ ಎರಡು ದಿನ ಸಂಜೆ ನಾವಿಬ್ಬರೂ ಒಟ್ಟಿಗೇ ಮನೆಗೆ ನಡೆದು ಬಂದೆವು. ನಿಮ್ಮ ಮೇಜಿನ ಕೆಳಗಿನ ಡಬ್ಬ ಖಾಲಿಯಿರುತ್ತಿದ್ದುದನ್ನು ನಾನು ಎರಡೂ ದಿನ ನೋಡಿದ್ದೆ. ಅಕ್ಕಪಕ್ಕದ ಡಬ್ಬಗಳು ತುಂಬಿ ತುಳುಕುತ್ತಿದ್ದವು. ಅದರ ಅರ್ಥ ನನ್ನ ತಲೆಗೆ ಹೋಗಲಿಲ್ಲ. ಹೋಗಿದ್ದರೆ ಬರೆಯುತ್ತಿರಲಿಲ್ಲವೇ ಎಂದು ಕೇಳಿಕೊಳ್ಳುತ್ತೇನೆ. ಉತ್ತರ ಏನು ಬರುತ್ತದೋ ಎಂಬ ಹೆದರಿಕೆಗೆ ಪ್ರಶ್ನೆಯನ್ನು ಅಲ್ಲಿಗೇ ಬಿಡುತ್ತೇನೆ.

ನಿಮ್ಮನ್ನು ಪ್ಯಾಕಿಂಗಿಗೆ ಹಾಕಿದರು. ರಟ್ಟಿನ ಪೆಟ್ಟಿಗೆಗೆ ಟೇಪು ಸುತ್ತುವ ಕೆಲಸ. ನೀವು ಯಾರ ಹತ್ತಿರವೂ ಜಗಳಾಡಲಿಲ್ಲ. ಮನೆಯಲ್ಲೂ ಒಂದು ಮಾತು ಎತ್ತಲಿಲ್ಲ. ಆರು ತಿಂಗಳಿಗೆ ಅದನ್ನೂ ಬಿಟ್ಟು ಮನೆಯಲ್ಲಿ ಕೂತಿರಿ. ಅಲ್ಲಿಂದ ನನಗೆ ಕಾಟ ಶುರುವಾಯಿತು. ಬೆಳಿಗ್ಗೆ ಚಹಾ ಲೋಟ ಎತ್ತುವ ಮುಂಚೆ ನೀವು ಎಡಗೈಯನ್ನು ಮೇಜಿನ ಮೇಲೆ ಚಾಚಿ, ಬೆರಳು ಬಿಡಿಸಿ, ನೋಡುತ್ತಾ ಕೂರುತ್ತಿದ್ದಿರಿ. ನಡುಗುತ್ತದೋ ಎಂದು. ಸೂಜಿಗೆ ದಾರ ಪೋಣಿಸುವುದನ್ನು ಮಗಳಿಗೆ ಬಿಟ್ಟಿರಿ. ಗಾಜಿನ ಪಾತ್ರೆ ಮುಟ್ಟುವುದನ್ನು ಬಿಟ್ಟಿರಿ. "ನನ್ನ ಕೈ ಕೆಟ್ಟಿದೆ, ನೀವೇ ಮಾಡಿ" ಎಂದು ಅಮ್ಮನಿಗೆ ಹೇಳುತ್ತಿದ್ದಿರಿ, ಯಾರೋ ಬೇರೆಯವರ ಕಾಯಿಲೆಯ ಮಾತಾಡುವ ಹಾಗೆ. ಅದೇ ಕೈ ದಿನಕ್ಕೆ ಸಾವಿರ ಬೆಸುಗೆ ಹಾಕಿ, ಒಂದು ಸೆಲ್ಲೂ ಒಡೆಯದೆ, ಸಂಜೆ ನನ್ನ ಜಡೆ ಹೆಣೆಯುತ್ತಿದ್ದ ಕೈ. ನಾನು ಪಕ್ಕದಲ್ಲಿ ಕೂತು ಊರ ಸುದ್ದಿಯೆಲ್ಲ ಹೇಳುತ್ತಿದ್ದೆ. ರೇಡಿಯೋ ಜೋರಾಗಿ ಇಟ್ಟರೆ ಬೇರೆ ಏನೂ ಕೇಳಿಸುವುದಿಲ್ಲವಲ್ಲ.

ಎರಡೂವರೆ ವರ್ಷದ ಮೇಲೆ ಬೆಸೆಯುವ ಮೆಷೀನು ಬಂತು. ಉಗ್ರಾಣದಲ್ಲಿ ಆ ತೆಳು ಸೆಲ್ಲಿನ ನಲವತ್ತು ಪೆಟ್ಟಿಗೆ ಉಳಿದಿದ್ದವು, ಮೊದಲು ಅವನ್ನೇ ಹಾಕಿ ನೋಡಿದರು. ಆ ಮೆಷೀನಿಗೂ ಒಂದು ಕಣ್ಣಿತ್ತು, ಬೆಸೆಯುವ ಮುಂಚೆಯೇ ಸೆಲ್ಲನ್ನು ನೋಡುವ ಕಣ್ಣು. ಅದು ಒಂದು ಸೆಲ್ಲು ತೆಗೆದುಕೊಂಡರೆ ಎರಡು ಸೆಲ್ಲು ಆಚೆ ಎಸೆಯತೊಡಗಿತು. ಮೆಷೀನು ಕೂರಿಸಲು ಬಂದಿದ್ದ ಇಂಜಿನಿಯರ್ ಹುಡುಗಿ ಒಬ್ಬಳು, ಮೂಗಿನ ತುದಿಯಲ್ಲಿ ಕೋಪ, ಎಸೆದ ಸೆಲ್ಲುಗಳನ್ನು ನನ್ನ ಕೋಣೆಗೆ ತಂದು ಬೆಳಗಿಸಿ ನೋಡಿದಳು. ಒಂದೊಂದರಲ್ಲೂ ಕೂದಲೆಳೆಯಷ್ಟು ಬಿರುಕು. "ಇವು ಪೆಟ್ಟಿಗೆಯಲ್ಲೇ ಒಡೆದು ಬಂದಿವೆ ಮೇಡಂ. ಕಡ್ಡಿ ತಾಗಿಸಿದ ಕೂಡ್ಲೇ ಎರಡಾಗ್ಬೇಕು. ಇವನ್ನ ಕೈಯಲ್ಲಿ ಬೆಸೆದು ಪೂರ್ತಿ ಪ್ಯಾನೆಲ್ ಮಾಡಿದವರು ಯಾರು? ಅವರನ್ನ ಒಂದ್ಸಲ ನೋಡ್ಬೇಕಲ್ಲ" ಅಂದಳು. ಕೆಲಸ ಬಿಟ್ಟರು ಅಂದೆ.

ಆ ಕ್ಷಣ ಕೆಂಪು ಡಬ್ಬಗಳು ಕಣ್ಣ ಮುಂದೆ ಬಂದವು. ಬೇರೆಯವರ ಕೈಯಲ್ಲಿ ಆ ಸೆಲ್ಲುಗಳು ಮೇಜಿನ ಮೇಲೇ ಚೂರಾಗಿ ಡಬ್ಬಕ್ಕೆ ಬಿದ್ದವು, ನನ್ನ ಕೋಣೆಯವರೆಗೆ ಬರಲೇ ಇಲ್ಲ. ನಿಮ್ಮ ಕೈಯಲ್ಲಿ ಉಳಿದುಕೊಂಡವು. ನೀವು ಒಡೆಯುವುದಿಲ್ಲವೆಂದು ಮೇಸ್ತ್ರಿ ತೆಳು ಪೆಟ್ಟಿಗೆಗಳನ್ನು ಹೆಚ್ಚು ಹೆಚ್ಚು ನಿಮಗೇ ಕೊಟ್ಟ. ಬಿರುಕು ಬಿಟ್ಟ ಹತ್ತರಲ್ಲಿ ಏಳು ನಿಮ್ಮವಾಗಿದ್ದದ್ದು ನಿಮ್ಮದು ಎಲ್ಲರಿಗಿಂತ ಒಳ್ಳೆಯ ಕೈ ಆಗಿದ್ದಕ್ಕೆ. ಮೇಲಿನ ಪರದೆ ನೋಡಿ ತೀರ್ಪು ಬರೆದವಳು ಕೆಳಗಿನ ಡಬ್ಬಕ್ಕೆ ಬಗ್ಗಿ ನೋಡಿದ್ದರೆ ಸಾಕಿತ್ತು.

ಅವತ್ತೇ ಮನೆಗೆ ಓಡಿ ಬಂದು ನಿಮ್ಮ ಕಾಲು ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಈಗ ಬಾಯಿ ಬಿಟ್ಟರೆ ಆ ಬಯಲಿನವರು ಕೇಳಿಸಿಕೊಳ್ಳುತ್ತಾರೆ, ಪ್ಯಾನೆಲ್ಲೆಲ್ಲ ಕಿತ್ತು ವಾಪಸು ಕಳಿಸುತ್ತಾರೆ, ಮುನ್ನೂರು ಜನ ಬೀದಿಗೆ ಬರುತ್ತಾರೆ ಎಂದು ಲೆಕ್ಕ ಹಾಕಿದೆ. ಲೆಕ್ಕವೇನೋ ಸರಿಯಾಗಿಯೇ ಇತ್ತು. ಆದರೆ ಮುನ್ನೂರು ಜನರ ಹಿಂದೆ ನಾನು ಅಡಗಿಕೊಂಡಿದ್ದೆ ಅನ್ನುವುದೂ ಅಷ್ಟೇ ನಿಜ. ನನಗೆ ಹೆದರಿಕೆ ಇದ್ದದ್ದು ನಿಮ್ಮ ಮುಖ ನೋಡುವುದಕ್ಕೆ.

ಅದಾಗಿ ನಾಲ್ಕು ತಿಂಗಳಿಗೆ ನಿಮ್ಮ ಹೃದಯ ಕೈಕೊಟ್ಟಿತು. ಆಸ್ಪತ್ರೆಯ ಆ ಮಧ್ಯಾಹ್ನ ನೆನಪಿದೆಯಲ್ಲ. ಅಣ್ಣ ಔಷಧಿ ತರಲು ಹೋಗಿದ್ದ. ಪಕ್ಕದ ಹಾಸಿಗೆಯ ಅಜ್ಜಿ ಗೊರಕೆ ಹೊಡೆಯುತ್ತಿದ್ದಳು, ನಾನು ಅವಳ ಗೊರಕೆಯನ್ನು ಅಣಕಿಸಿ ನಿಮ್ಮನ್ನು ನಗಿಸಿದ್ದೆ. ನಕ್ಕು ಮುಗಿದ ಮೇಲೆ ನೀವು ಎಡಗೈಯನ್ನು ಹೊದಿಕೆಯ ಮೇಲಿಟ್ಟು, ನನ್ನ ಮುಖ ನೋಡದೆ ಕೇಳಿದಿರಿ. "ನಿಜ ಹೇಳೇ. ನನ್ನ ಕೈ ಆಗ ನಡುಗ್ತಿತ್ತಾ?"

ನನಗೆ ಆಗ ನಿಜ ಗೊತ್ತಿತ್ತು, ಅತ್ತಿಗೆ. ಗೊತ್ತಾಗಿ ನಾಲ್ಕು ತಿಂಗಳಾಗಿತ್ತು. ನಾಲಿಗೆಯ ತುದಿಗೆ ಬಂದಿತ್ತು. "ಆ ವಯಸ್ಸಿಗೆ ಎಲ್ರಿಗೂ ಸ್ವಲ್ಪ ನಡುಗುತ್ತೆ, ಬಿಡಿ" ಅಂದೆ. ಹೊದಿಕೆ ಸರಿಮಾಡಿದೆ. ನೀವು ಸುಮ್ಮನೆ ತಲೆಯಾಡಿಸಿ, ಕೈಯನ್ನು ಹೊದಿಕೆಯೊಳಗೆ ತೆಗೆದುಕೊಂಡಿರಿ. ನಿಮಗಾಗ ಮೂವತ್ತೊಂಬತ್ತು ವರ್ಷ.

ಆ ಕೈ ಹೊದಿಕೆಯೊಳಗೆ ಸರಿದದ್ದನ್ನು ನಾನು ದಿನಾ ನೋಡುತ್ತೇನೆ. ಬಸ್ಸಿನಲ್ಲಿ ಯಾರೋ ಟಿಕೆಟ್ಟಿಗೆ ಕೈ ಚಾಚಿದರೂ ನೋಡುತ್ತೇನೆ.

ಇನ್ನು ಮಗಳ ವಿಷಯ. ನೀವು ಹೋದಾಗ ಹದಿನೈದಿತ್ತು, ಈಗ ಇಪ್ಪತ್ತೊಂದು. ಎತ್ತರ ಅಣ್ಣನದು, ಮೌನ ನಿಮ್ಮದು. ಕಾರ್ಖಾನೆ ಈಗ ಮತ್ತೆ ಚಿಗುರಿದೆ. ಇಲ್ಲೇ ಮಾಡಿದ ಪ್ಯಾನೆಲ್ಲೇ ಬೇಕು ಅನ್ನುವವರು ಹೆಚ್ಚಾಗಿದ್ದಾರೆ, ಹೊಸ ಸಾಲು ಹಾಕಿದ್ದಾರೆ. ಮೆಷೀನು ಕೆಡಿಸಿದ್ದನ್ನು ಕೈಯಲ್ಲಿ ತಿದ್ದಲು ಬೆಸುಗೆಯವರು ಬೇಕೆಂದು ಹುಡುಕುತ್ತಿದ್ದಾರೆ. ಅವಳು ನನಗೆ ಹೇಳದೆ ಅರ್ಜಿ ಹಾಕಿಬಿಟ್ಟಳು. ಸೇರುವ ಹಿಂದಿನ ದಿನ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಕೈ ಚಾಚಿ, ಬೆರಳು ಬಿಡಿಸಿ ಕೂತಿದ್ದಳು. ಏನೇ ಅದು ಅಂದೆ. "ಅಮ್ಮನ ಕೈ ನಂಗೂ ಬಂದಿದ್ಯಾ ಅಂತ ನೋಡ್ತಿದೀನಿ ಅತ್ತೆ" ಅಂದಳು, ನಗುತ್ತಲೇ. ನಾನು ಒಲೆಯ ಕಡೆ ತಿರುಗಿಕೊಂಡೆ.

ಹೊಸಬರಿಗೆ ಮೊದಲ ಪಾಠ ಹೇಳುವವಳು ನಾನೇ. ನಿಮಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಬೇಕು, ಇದನ್ನು ಬರೆಯಲು ನಾಚಿಕೆಯಾಗುತ್ತದೆ. ತರಬೇತಿ ಕೋಣೆಯ ಗೋಡೆಯ ಮೇಲೆ ನಾಲ್ಕು ಚಿತ್ರಗಳಿವೆ. ಮೂರನೆಯದು ನಿಮ್ಮ ಪ್ಯಾನೆಲ್ಲಿನದು. ಬಿರುಕು ಬಿಟ್ಟ ಚೌಕವನ್ನು ದೊಡ್ಡದು ಮಾಡಿ, ಪ್ಲಾಸ್ಟಿಕ್ ಹೊದಿಸಿ ತೂಗುಹಾಕಿದ್ದಾರೆ. ಕೆಳಗೆ ನಾನು ಬರೆದ ಮಾತುಗಳನ್ನೇ ಅಚ್ಚು ಮಾಡಿಸಿದ್ದಾರೆ: ಕೈ ತಪ್ಪು, ಒತ್ತಿ ಬೆಸೆದದ್ದು, ಮೇಜು 4. ಎಂಟು ವರ್ಷದಿಂದ ಪ್ರತಿ ತಂಡಕ್ಕೂ ಕೋಲು ಹಿಡಿದು ಅದನ್ನು ತೋರಿಸಿ, ಹೀಗೆ ಮಾಡಬಾರದು ಎಂದು ಹೇಳಿಕೊಟ್ಟಿದ್ದೇನೆ. ನಿಜ ತಿಳಿದ ಮೇಲೂ ಹೇಳಿಕೊಟ್ಟೆ. ನೀವು ತೀರಿಕೊಂಡ ಮರುವಾರ ಕೂಡ ಹೇಳಿಕೊಟ್ಟೆ, ಆವತ್ತು ಗಂಟಲು ಕೆಟ್ಟಿದೆ ಎಂದು ನೀರು ಕುಡಿಯುತ್ತಾ ಹೇಳಿದೆ.

ಸೋಮವಾರ ಬೆಳಿಗ್ಗೆ ಹದಿನಾಲ್ಕು ಜನ ಕೂತಿದ್ದರು. ಎರಡನೇ ಸಾಲಿನ ಕೊನೆಯಲ್ಲಿ ಅವಳು, ನೀಲಿ ಕೋಟು ಹಾಕಿಕೊಂಡು. ಮೊದಲ ಚಿತ್ರ ಹೇಳಿದೆ, ಎರಡನೆಯದು ಹೇಳಿದೆ. ಮೂರನೆಯದಕ್ಕೆ ಬಂದೆ. ಈ ಸಲ ಅದನ್ನು ದಾಟಿಸಿ ನಾಲ್ಕನೆಯದಕ್ಕೆ ಹೋಗಿಬಿಡಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಬಾಯಿಗೆ ರೂಢಿಯಾಗಿತ್ತು ನೋಡಿ, ಕೋಲು ತಾನೇ ಎದ್ದಿತು, ಮಾತು ತಾನೇ ಬಂತು. "ಇದು ಕೈ ತಪ್ಪು. ಕೈ ಸ್ಥಿರ ಇಲ್ಲದವರು ಒತ್ತಿ ಬೆಸೀತಾರೆ, ಒತ್ತಿದ ಕಡೆ ಹೀಗೆ ಬಿರುಕು ಬಿಡುತ್ತೆ." ಅಷ್ಟೂ ಹೇಳಿ ಮುಗಿಸಿದೆ, ನಿಮ್ಮ ಮಗಳ ಎದುರಿಗೆ. ಅವಳು ಚಿತ್ರವನ್ನು ನೋಡಲಿಲ್ಲ, ಕೆಳಗಿನ ಅಕ್ಷರ ಓದುತ್ತಿದ್ದಳು. ನೀವು ಯಾವ ಮೇಜಿನಲ್ಲಿ ಕೂರುತ್ತಿದ್ದಿರಿ ಎಂದು ಅವಳಿಗೆ ಗೊತ್ತಿಲ್ಲವೇ. ಚಿಕ್ಕಂದಿನಲ್ಲಿ ಶಾಲೆ ಬಿಟ್ಟು ಬಂದು ಅದೇ ಮೇಜಿನ ಪಕ್ಕ ಕಾಯುತ್ತಿದ್ದವಳು.

ಅವಳು ಕೈ ಎತ್ತಿದಳು. ಬೇರೆ ಎಲ್ಲರ ಹಾಗೆ, ಮರ್ಯಾದೆಯಿಂದ, "ಮೇಡಂ, ಆ ಮೇಜಿನವರ ಕೈ ನಡುಗ್ತಿತ್ತಾ?" ಎಂದು ಕೇಳಿದಳು.

ಕೋಲು ಕೆಳಗಿಟ್ಟೆ. ಇಲ್ಲ ಅಂದೆ. ಒಂದು ದಿನವೂ ನಡುಗಿರಲಿಲ್ಲ ಅಂದೆ. ಆಮೇಲೆ ನಿಲ್ಲಲಿಲ್ಲ. ತೆಳು ಸೆಲ್ಲು, ಮ್ಯಾನೇಜರ್ ಹೇಳಿದ್ದು, ನಾನು ಬರೆದದ್ದು, ಖಾಲಿ ಡಬ್ಬ, ಮೆಷೀನು ಎಸೆದ ಸೆಲ್ಲುಗಳು, ಆಸ್ಪತ್ರೆಯಲ್ಲಿ ನೀವು ಕೇಳಿದ್ದು, ನಾನು ಕೊಟ್ಟ ಉತ್ತರ, ಒಂದನ್ನೂ ಬಿಡದೆ ಹೇಳಿದೆ. ಹದಿಮೂರು ಜನ ಕಣ್ಣು ಬಿಟ್ಟುಕೊಂಡು ಕೂತಿದ್ದರು, ಪಾಪ, ಬೆಸುಗೆ ಕಲಿಯಲು ಬಂದವರು. ಅವರನ್ನೆಲ್ಲ ಕತ್ತಲೆ ಕೋಣೆಗೆ ಕರೆದುಕೊಂಡು ಹೋಗಿ ವಾಪಸು ಬಂದ ನಿಮ್ಮ ಪ್ಯಾನೆಲ್ಲೊಂದನ್ನು ಬೆಳಗಿಸಿ ತೋರಿಸಿದೆ. ಒಡೆದ ಸೆಲ್ಲನ್ನು ಒಂಬತ್ತು ವರ್ಷ ಹಿಡಿದುಕೊಂಡಿರುವ ಬೆಸುಗೆ ಹೇಗಿರುತ್ತದೆ ಎಂದು ನೋಡಿ, ಕಲಿಯುವುದಾದರೆ ಇದನ್ನು ಕಲಿಯಿರಿ ಅಂದೆ. ನಿಮ್ಮ ಮಗಳು ಪರದೆಯ ಹತ್ತಿರ ಹೋಗಿ, ಎಡಕ್ಕೆ ತಿರುಗಿದ ಒಂದೊಂದು ಬಾಲದ ಮೇಲೂ ಬೆರಳಿಟ್ಟು ಬಂದಳು. ಅಳಲಿಲ್ಲ. ದೀಪ ಹಾಕಿದಾಗ ನನ್ನ ಕಡೆ ತಿರುಗಿ "ಅಪ್ಪಂಗೆ ನೀವೇ ಹೇಳ್ಬೇಕು" ಅಂದಳು. ಅಷ್ಟೇ. ಇವತ್ತಿನವರೆಗೂ ನನ್ನ ಹತ್ತಿರ ಮಾತಿಲ್ಲ. ಅವಳದು ತಪ್ಪು ಅನ್ನುವುದಿಲ್ಲ.

ಮ್ಯಾನೇಜರ್ ಮಧ್ಯಾಹ್ನವೇ ಕರೆಸಿದ. ಅದೇ ಮನುಷ್ಯ, ಈಗ ಕೋಣೆ ದೊಡ್ಡದಾಗಿದೆ. "ಹೊಸ ಆರ್ಡರಿನವರು ಮುಂದಿನ ವಾರ ಬರ್ತಿದಾರೆ. ಹುಷಾರಿರಲಿಲ್ಲ, ಪಾಠ ತಪ್ಪಿ ಹೇಳಿದೆ ಅಂತ ಎರಡು ಸಾಲು ಬರ್ಕೊಟ್ಟುಬಿಡಿ, ಮುಗೀತು" ಎಂದು ಕಾಗದ ಮುಂದಿಟ್ಟ. ಎರಡು ಸಾಲಲ್ಲ, ಮೂರು ಪುಟ ಬರೆದುಕೊಟ್ಟೆ, ಒಂಬತ್ತು ವರ್ಷದ ಹಿಂದಿನ ಫಾರಂ ಹೇಗೆ ತಪ್ಪು ಎಂದು. ಕೆಳಗೆ ಈ ಸಲ ಸಹಿ ಹಾಕಿದೆ. ವಿಚಾರಣೆ ಮುಗಿಯುವವರೆಗೆ ಬರಬೇಡಿ ಎಂದು ಹೇಳಿ ಕಳಿಸಿದ್ದಾರೆ. ಹೊರಡುವಾಗ ತರಬೇತಿ ಕೋಣೆಯ ಮೂರನೇ ಚಿತ್ರವನ್ನು ಮೊಳೆಯಿಂದ ಇಳಿಸಿ ತಂದೆ. ಅದನ್ನು ಕದ್ದೆ ಎಂದೂ ವಿಚಾರಣೆಯಲ್ಲಿ ಸೇರಿಸಿದ್ದಾರಂತೆ.

ಸಂಜೆ ಅಣ್ಣನ ಅಂಗಡಿಗೆ ಹೋದೆ. ಮೋಟರ್ ಬಿಚ್ಚಿ ಹರಡಿಕೊಂಡು ಕೂತಿದ್ದ. ನಿಮಗೆ ಗೊತ್ತಲ್ಲ, ಕೆಲಸದ ಮಧ್ಯೆ ತಲೆ ಎತ್ತುವವನಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ತಾಮ್ರದ ತಂತಿ ಸುತ್ತುತ್ತಾ ಕೇಳಿದ, ನಡುವೆ ಒಂದು ಸಲವೂ ನಿಲ್ಲಿಸಲಿಲ್ಲ. ಕೊನೆಗೆ, ಬರೆದದ್ದು ನಾನೆಂದು ಅತ್ತಿಗೆಗೆ ಗೊತ್ತಿರಲಿಲ್ಲ, ಅದೊಂದೇ ಸಮಾಧಾನ ಅಂದೆ. ಆಗ ಅವನ ಕೈ ನಿಂತಿತು.

"ಗೊತ್ತಿತ್ತು" ಅಂದ. "ಮ್ಯಾನೇಜರ್ ಅವಳಿಗೆ ಆ ಕಾಗದ ತೋರಿಸಿದ್ದ. ನಿನ್ನ ಅಕ್ಷರ ಅವಳಿಗೆ ಗೊತ್ತಿಲ್ವಾ? ಅವತ್ತು ಬಂದು ಹೇಳಿದ್ಲು, ಬೇರೆ ಯಾರು ಬರೆದಿದ್ರೂ ನಾನು ಒಪ್ತಿರಲಿಲ್ಲ, ಮೇಜು ಬಿಟ್ಟು ಏಳ್ತಿರಲಿಲ್ಲ. ಇದು ನಮ್ಮ ಹುಡುಗಿ ಬರೆದದ್ದು. ಅವಳು ನನ್ನ ಮೇಲೆ ಸುಳ್ಳು ಬರೆಯೋಳಲ್ಲ. ನನ್ನ ಕೈಯೇ ಕೆಟ್ಟಿರ್ಬೇಕು ಅಂತ. ನಿನ್ನ ಹತ್ರ ಈ ಮಾತು ಎತ್ತಬಾರ್ದು, ಬರೆಯೋವಾಗ ನಿಂಗೆಷ್ಟು ಕಷ್ಟ ಆಯ್ತೋ ಅಂತ ನನ್ನಿಂದ ಆಣೆ ತಗೊಂಡ್ಲು."

ಅಷ್ಟು ಹೇಳಿ ಅಣ್ಣ ಮತ್ತೆ ತಂತಿ ಸುತ್ತಲು ಶುರು ಮಾಡಿದ. ನಾನು ಅಂಗಡಿಯ ಮೆಟ್ಟಿಲ ಮೇಲೆ ಕೂತೆ. ಅತ್ತಿಗೆ, ನೀವು ನಿಮ್ಮ ಕೈಯನ್ನು ಬಿಟ್ಟು ನನ್ನ ಮಾತನ್ನು ನಂಬಿದಿರಿ. ಆಸ್ಪತ್ರೆಯಲ್ಲಿ ಇನ್ನೊಂದು ಸಲ ಕೇಳಿ, ಇನ್ನೊಂದು ಸಲ ನಂಬಿದಿರಿ.

ಕ್ಷಮಿಸಿ ಎಂದು ಕೇಳಲು ಬಾಯಿ ಬರುತ್ತಿಲ್ಲ. ಕೇಳಿದರೆ ನೀವು ಕ್ಷಮಿಸಿಯೇ ಬಿಡುತ್ತೀರಿ, ಅದೇ ನನಗೆ ಹೆದರಿಕೆ. ನಿಮ್ಮ ಮಗಳು ಇವತ್ತು ಮೊದಲ ಪಟ್ಟಿ ಬೆಸೆಯುತ್ತಾಳೆ. ಅವಳ ತಲೆಯ ಮೇಲೆ ನಿಮ್ಮ ಕೈಯಿರಲಿ. ಅವಳ ಕೈ ಕೆಟ್ಟಿದೆ ಎಂದು ಎಂದಾದರೂ ಯಾರಾದರೂ ಹೇಳಿದರೆ, ಹೇಳಿದವರು ಎಷ್ಟೇ ಹತ್ತಿರದವರಾಗಿರಲಿ, ಅವಳು ನಂಬದಿರಲಿ.

ನೀವು ನಂಬಿದ,
ನಿಮ್ಮ ನಾದಿನಿ